ಗಟ್ಟಿ ಹಿಮದ ಮೇಲೆ ತಮೋತ್ಸು ಸವಾರಿ

ಕುರಸಾವ, ಯಾಮಾಗಾತಾ
ಮಾರ್ಚ್ ೧೦, ೧೯೮೧

ಸುರಂಗದೊಳಗಿರುವ ಸೇಕಿಚಿಯವರಿಗೆ ಹಿಮದೊಳಗಿರುವ ಹತ್ಸುಯೆಯ ನಮಸ್ಕಾರಗಳು.

ನಿಮ್ಮ ಸೊಂಟ ಈಗ ಹೇಗಿದೆ? ಸುರಂಗದಲ್ಲಿ ನೀರು ತೊಟ್ಟಿಕ್ಕುತ್ತದೆ, ಒದ್ದೆ ಕಾಲುಚೀಲದಲ್ಲೇ ಇಡೀ ದಿನ ನಿಂತಿರುತ್ತೇವೆ ಎಂದು ಫೆಬ್ರವರಿಯಲ್ಲಿ ಬರೆದಿದ್ದಿರಿ. ಒಣ ಕಾಲುಚೀಲ ನಾಲ್ಕು ಜೊತೆ ಕಳಿಸಿದ್ದೇನೆ, ಜೊತೆಗೆ ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿಯೂ ಇದೆ. ನಿಮ್ಮ ಕೋಣೆಯವರಿಗೆಲ್ಲ ಹಂಚಿ ಕೊನೆಗೆ ನೀವು ಬರೀ ಅನ್ನ ತಿನ್ನಬೇಡಿ. ಅತ್ತೆಯವರ ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಿಂದ ಓದಬೇಡಿ. ಆಪರೇಷನ್ ಆಗಿ ನಾಲ್ಕು ದಿನವಾಯಿತು, ಜ್ವರ ಇಳಿದಿದೆ. ನಿನ್ನೆಯಿಂದ ಗಂಜಿ ಕುಡಿಯುತ್ತಿದ್ದಾರೆ, ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ ಎಂದು ನರ್ಸಮ್ಮನನ್ನು ಬೈಯುವಷ್ಟು ತ್ರಾಣವೂ ಬಂದಿದೆ.

ಅವತ್ತು ಸಂಜೆ ನೀವು ಫೋನಿನಲ್ಲಿ ಏನಂದಿರಿ, ನೆನಪಿದೆಯಾ? "ಆಪರೇಷನ್ ಮುಗೀತಲ್ಲ, ಇನ್ನೇನು? ತಮೋತ್ಸು ಇದಾನಲ್ಲ." ಅಷ್ಟು ಹೇಳಿ, ಹಿಂದೆ ಸಾಲು ನಿಂತಿದ್ದಾರೆ ಎಂದು ಇಟ್ಟುಬಿಟ್ಟಿರಿ. ಜನವರಿಯ ಕಾರ್ಡಿನಲ್ಲೂ ಅದನ್ನೇ ಬರೆದಿದ್ದಿರಿ, ಮನೆಯ ಜವಾಬ್ದಾರಿ ತಮೋತ್ಸುವಿಗೆ ವಹಿಸಿದ್ದೇನೆ, ಅವನ ಮಾತು ಕೇಳು ಅಂತ. ಆಯಿತು. ನಿಮ್ಮ ತಮ್ಮ ಹೇಗೆ "ಇದಾನೆ" ಎಂಬುದನ್ನು ಈಗ ಸಾವಧಾನವಾಗಿ ಬರೆಯುತ್ತೇನೆ. ಇಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಹಿಂದೆ ಯಾರೂ ಸಾಲು ನಿಂತಿಲ್ಲ.

ಅವನು ಜೀಪು ಕೊಂಡದ್ದು ನಿಮಗೆ ಗೊತ್ತು. ಕೊಂಡ ಮೇಲೆ ಅವನ ನಡಿಗೆ ಬದಲಾದದ್ದು ಗೊತ್ತಿಲ್ಲ. ಚರ್ಮದ ಜಾಕೆಟ್ಟು ಹಾಕಿಕೊಂಡು, ಕೀಲಿಯನ್ನು ಬೆರಳಿಗೆ ಸುತ್ತುತ್ತಾ, ಅಂಗಳದ ಶೌಚಾಲಯಕ್ಕೆ ಹೋಗುವುದಕ್ಕೂ ಕೀಲಿ ಸುತ್ತುತ್ತಾ ಹೋಗುತ್ತಾನೆ. "ನಾಲ್ಕು ಚಕ್ರಾನೂ ಎಳೆಯುತ್ತೆ ಅತ್ತಿಗೆ, ಎರಡಲ್ಲ, ನಾಲ್ಕು!" ಎಂದು ದಿನಕ್ಕೆ ಹತ್ತು ಸಲ. ನಾನೂ ಒಂದು ದಿನ ತಡೆಯಲಾರದೆ ಅಂದೆ, "ನಾವು ಕಾಲು ಕಾಯಿಸಿಕೊಳ್ಳೋ ಕಾವುಮೇಜಿಗೂ ನಾಲ್ಕು ಕಾಲಿದೆ ತಮೋತ್ಸು, ಅದು ಎಲ್ಲಿಗೆ ಹೋಗಿದೆ ಹೇಳು?" ಅತ್ತೆ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಇವನು ಮೂರು ದಿನ ನನ್ನ ಜೊತೆ ಮಾತು ಬಿಟ್ಟ. ಅಬ್ಬಾ, ಎಷ್ಟು ನೆಮ್ಮದಿಯ ಮೂರು ದಿನ!

ಐದನೇ ತಾರೀಕು ಸಂಜೆ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಬೆಳಗಾಗುವ ಹೊತ್ತಿಗೆ ಕೆಳಹೊಟ್ಟೆಯ ಬಲಗಡೆ ಮುಟ್ಟಿದರೆ ಕಿರುಚುತ್ತಿದ್ದರು. ಆಸ್ಪತ್ರೆಗೆ ಫೋನು ಮಾಡಿದೆ. ಕರುಳ ಬಾಲ ಒಡೆಯುವ ಮೊದಲು ಕರೆತನ್ನಿ ಎಂದರು ಡಾಕ್ಟರು, ಆದರೆ ಕಣಿವೆಯ ತಿರುವಿನಲ್ಲಿ ಹಿಮ ಕುಸಿದು ರಸ್ತೆ ಮುಚ್ಚಿದೆ, ಮಧ್ಯಾಹ್ನದವರೆಗೆ ಆಂಬುಲೆನ್ಸ್ ಬರಲಾರದು ಎಂದರು. ಐದು ಗಂಟೆಗೇ ಪಕ್ಕದ ಮನೆಯ ಗೆನ್ಜಿರೊ ತಾತ ಹಿಮಬಂಡಿ ಎಳೆದುಕೊಂಡು ಬಾಗಿಲಿಗೆ ಬಂದರು. "ಹಿಮ ಗಟ್ಟಿ ಕೂತಿದೆ ತಾಯಿ, ಗದ್ದೆ ಮೇಲೆ ನಾವಿಬ್ಬರೇ ಎಳೆದರೂ ಮುಕ್ಕಾಲು ಗಂಟೆಗೆ ಪೇಟೆ. ಕಂಬಳಿ ಸುತ್ತು, ಹೊರಡೋಣ."

ಗಟ್ಟಿ ಹಿಮದ ದಾರಿ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟಿದರೆ, ಬೆಳಗಿನ ಬಿಸಿಲು ಬೆಟ್ಟ ಇಳಿದು ಗದ್ದೆಗೆ ಬೀಳುವ ತನಕ ಇಡೀ ಬಯಲೇ ದಾರಿ. ಮದುವೆಯಾದ ವರ್ಷ ನಾವಿಬ್ಬರೂ ಹಾಗೆ ಪೇಟೆಗೆ ಹೋಗಿದ್ದೆವಲ್ಲ. ಬರುವಾಗ ನನಗೆ ಬಾಚಣಿಗೆ ಆರಿಸುತ್ತಾ ಆರಿಸುತ್ತಾ ತಡಮಾಡಿದಿರಿ, ಗದ್ದೆಯ ನಡುವೆ ನಿಮ್ಮ ಕಾಲು ತೊಡೆಯವರೆಗೆ ಹೂತು ಬೂಟು ಅಲ್ಲೇ ಉಳಿಯಿತು. ಮೇ ತಿಂಗಳಲ್ಲಿ ಉಳುವಾಗ ಸಿಕ್ಕಿತು. ಆಗ ನನಗೆ ನಗು ಬಂದಿತ್ತು, ನಿಮ್ಮ ಮೇಲೆ ಪ್ರೀತಿಯೂ ಬಂದಿತ್ತು. ಇರಲಿ ಬಿಡಿ.

ತಮೋತ್ಸು ಬಾಗಿಲಲ್ಲಿ ಅಡ್ಡ ನಿಂತ. "ಹಿಮಬಂಡಿ ಸೌದೆಗೆ ತಾತಾ, ಅಮ್ಮನಿಗಲ್ಲ. ನನ್ನ ಜೀಪಲ್ಲಿ ಗದ್ದೆ ಮೇಲೆ ಹತ್ತೇ ನಿಮಿಷ." ಹಿಂದಿನ ವಾರ ಮುಂಜಾನೆ ಒಬ್ಬನೇ ಖಾಲಿ ಗಾಡಿಯನ್ನು ಗದ್ದೆಯ ಅಂಚಿನಲ್ಲಿ ಓಡಿಸಿ ನೋಡಿದ್ದನಂತೆ, ಹಿಮ ತಾಳಿತ್ತಂತೆ. ನಾನು ಬಾಯಿ ತೆರೆದರೆ, "ಅತ್ತಿಗೆ, ಇದು ಗಾಡಿ ವಿಷಯ, ನೀವು ಸುಮ್ನಿರಿ. ಅಣ್ಣ ಜವಾಬ್ದಾರಿ ಕೊಟ್ಟಿರೋದು ಯಾರಿಗೆ?" ಎಂದ. ನಿಮ್ಮ ಕಾರ್ಡು ದೇವರ ಗೂಡಿನ ಮುಂದೆಯೇ ಇತ್ತು. ನಾನು ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ತಾತ ಹಿಮಬಂಡಿ ತಿರುಗಿಸಿಕೊಂಡು ಹೋದರು.

ಸರಿ, ಹೊರಡಬೇಕಲ್ಲ? ಮದುಮಗ ಹೊರಡುತ್ತಾನೆಯೇ! ಇಂಜಿನ್ ಬೆಚ್ಚಗಾಗಬೇಕಂತೆ. ಗಾಜಿನ ಮಂಜು ಕೆರೆಯಬೇಕಂತೆ. ದೇವಸ್ಥಾನದ ರಕ್ಷೆ ಕನ್ನಡಿಗೆ ಸರಿಯಾಗಿ ಕಟ್ಟಿಲ್ಲವಂತೆ. ಒಳಗೆ ತಾಯಿ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದರೆ ಇವನು ಪೇಟೆಗೆ ಹೋಗುತ್ತಿದ್ದೇನೆಂದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ! ಅದನ್ನು ನಾನು ಈ ಕಣ್ಣಾರೆ ಕಂಡೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಇವನು ಹಿಡಿದದ್ದು ಬಾಚಣಿಗೆ. ಗಾಡಿ ಅಂಗಳ ಬಿಟ್ಟಾಗ ಏಳೂವರೆ ದಾಟಿತ್ತು, ಗದ್ದೆಯ ಮೇಲೆ ಬಿಸಿಲು ಬಿದ್ದು ಹಿಮ ಫಳಫಳ ಹೊಳೆಯುತ್ತಿತ್ತು.

ಅರ್ಧ ದಾರಿ ಚೆನ್ನಾಗಿಯೇ ಹೋದೆವು. ಇವನು ಸೀಟಿ ಹಾಕುತ್ತಿದ್ದ. ಗೆನ್ಜಿರೊ ತಾತನ ದೊಡ್ಡ ಗದ್ದೆಯ ನಡುವೆ ಕೆಳಗಿನಿಂದ ಕರ್ ಎಂದು ಸದ್ದು ಬಂತು, ಮುಂದಿನ ಎಡ ಚಕ್ರ ಧಡಕ್ಕನೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಒಂದು ಚಕ್ರದ ಕೆಲಸ. ಸಿಟ್ಟಿನಲ್ಲಿ ಆಕ್ಸಿಲರೇಟರ್ ಪೂರಾ ಒತ್ತಿದ ನೋಡಿ! ನಾಲ್ಕು ಚಕ್ರವೂ ಎಳೆಯುತ್ತದೆ ಎಂದಿದ್ದನಲ್ಲ, ಸುಳ್ಳಲ್ಲ, ನಾಲ್ಕೂ ಸೇರಿ ನಾಲ್ಕು ಗುಂಡಿ ತೋಡಿದವು. ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತಿತು, ಚಕ್ರಗಳು ಗುಂಡಿಯಲ್ಲಿ ಸುಮ್ಮನೆ ತಿರುಗುತ್ತಾ ತಿರುಗುತ್ತಾ ಹಿಮವನ್ನು ಉಜ್ಜಿ ಗಾಜು ಮಾಡಿದವು. ಒಳಗೆ ಹೊಗೆ ವಾಸನೆ ಬಂತು. ಹೊಗೆಕೊಳವೆ ಹಿಮದಲ್ಲಿ ಮುಳುಗಿದೆ, ಹೊಗೆಯೆಲ್ಲ ಅತ್ತೆಯ ಮೂಗಿಗೆ, ಇವನಿಗೆ ಪರಿವೆಯೇ ಇಲ್ಲ! ನಾನು ಅವನ ಕೈಗೆ ಪಟ್ಟೆಂದು ಹೊಡೆದು ಕೀಲಿ ಕಿತ್ತುಕೊಂಡು ಬಾಗಿಲು ತೆರೆದೆ. ಹೌದು, ನಿಮ್ಮ ತಮ್ಮನಿಗೆ ಹೊಡೆದೆ. ಇನ್ನೊಂದು ಹೊಡೆಯಬೇಕಿತ್ತು, ಪುರುಸೊತ್ತು ಸಿಗಲಿಲ್ಲ.

ಮಾಡಿನ ಹಿಮ ಎಳೆಯುತ್ತಿದ್ದ ತಾತ ಅಲ್ಲಿಂದಲೇ ನಮ್ಮನ್ನು ಕಂಡಿದ್ದರು. ಹಿಮದಲ್ಲಿ ಹೂಳದಂತೆ ಕಾಲಿಗೆ ಕಾನ್ಜಿಕಿ ಬಳೆ ಕಟ್ಟಿಕೊಂಡು, ನನಗೂ ಒಂದು ಜೊತೆ ತಂದು, ಬೆನ್ನಿಗೆ ಮೂರು ಹುಲ್ಲಿನ ಚಾಪೆ, ಹೆಗಲಿಗೆ ಎರಡು ಮರದ ಸಲಿಕೆ ಹೊತ್ತು ಬಂದರು. ಹಿಮಬಂಡಿ ತರಲಿಲ್ಲವೇ ಎಂದು ಕೇಳಿದ್ದಕ್ಕೆ, "ಈಗ ಎಳೆದರೆ ಎಳೆಯೋರೇ ಸೊಂಟದವರೆಗೆ ಹೂತು ಹೋಗ್ತಾರೆ ತಾಯಿ. ಆರು ಗಟ್ಟಿ ಗಂಡಾಳು ಬೇಕು. ಊರಲ್ಲಿ ಎಲ್ಲಿದಾರೆ ಗಂಡಸರು? ಎಲ್ಲ ಟೋಕಿಯೋ ಕಡೆ ಬಿಲ ಕೊರೀತಿದಾರೆ" ಎಂದರು. ಹಿಂದಿನ ಸೀಟಿನಿಂದ ಅತ್ತೆ ನರಳುತ್ತಲೇ, "ಎಬ್ಬಿಸೋಕಾಗದಿದ್ರೆ ನನ್ನನ್ನ ಇಲ್ಲೇ ಬಿಟ್ಟುಬಿಡ್ರೋ, ಸೇಕಿಚಿ ಬೂಟಿನ ಹಾಗೆ ಮೇ ತಿಂಗಳಲ್ಲಿ ಸಿಗ್ತೀನಿ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ತುಟಿ ನೀಲಿಯಾಗಿತ್ತು.

ನಲವತ್ತು ಹೆಜ್ಜೆ ಮುಂದೆ ಸುಗಿ ಮರಗಳ ನೆರಳಿತ್ತು. ನೆರಳಿನಲ್ಲಿ ಹಿಮ ಇನ್ನೂ ಗಟ್ಟಿ, ಅಲ್ಲಿಂದ ಪೇಟೆಯ ರಸ್ತೆ ಸಿಗುವ ಸೇತುವೆಯವರೆಗೂ ನೆರಳೇ. ಆ ನಲವತ್ತು ಹೆಜ್ಜೆ ದಾಟಿಸಿದರೆ ಸಾಕಿತ್ತು. ತಾತ ಮೊದಲು ಹೊಗೆಕೊಳವೆ ಬಿಡಿಸಿದರು, ಆಮೇಲೆ ನಾನು ಒಂದು ಕಡೆ, ಅವರು ಒಂದು ಕಡೆ ಹೊಟ್ಟೆಯ ಮೇಲೆ ಮಲಗಿ ಗಾಡಿಯಡಿಯ ಹಿಮ ಕೆರೆದೆವು. ತಮೋತ್ಸು ಏನು ಮಾಡುತ್ತಿದ್ದ ಎನ್ನುತ್ತೀರಾ? ಸುತ್ತ ತಿರುಗುತ್ತಾ, "ಹಿಮವೇ ಸರಿಯಿಲ್ಲ ಈ ವರ್ಷ" ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಲೋ, ಚಕ್ರದ ಗಾಳಿ ಅರ್ಧ ಬಿಡೋ, ಅಷ್ಟಾದರೂ ಮಾಡು" ಎಂದು ತಾತ ಗದರಿಸಿದರು. ಹೊಸ ಚಕ್ರ ಹಾಳಾಗುತ್ತದೆ ಎಂದು ಗೊಣಗಿದ. ನಾನು ಸಲಿಕೆ ಎತ್ತಿದ್ದು ಕಂಡು ಗಾಳಿ ಬಿಟ್ಟ.

ತಾತನೂ ನಾನೂ ಕಾನ್ಜಿಕಿ ಕಟ್ಟಿಕೊಂಡು ಎರಡು ಸಾಲು ತುಳಿದೆವು, ಹೋಗಿ ಬಂದು, ಹೋಗಿ ಬಂದು. ತುಳಿದ ಹಿಮ ಕಾಲು ಗಂಟೆ ಕೂರಬೇಕು, ಕೂತರೆ ಕಲ್ಲು. ಆ ಕಾಲು ಗಂಟೆ ಅತ್ತೆಯ ಕೈ ಹಿಡಿದು ಕೂತೆ. ಅಷ್ಟು ಉದ್ದದ ಕಾಲು ಗಂಟೆ ನನ್ನ ಜನ್ಮದಲ್ಲಿ ಕಂಡಿಲ್ಲ. ಇವನೋ, ಐದು ನಿಮಿಷಕ್ಕೇ "ಸಾಕು, ಹತ್ತಿ" ಎಂದು ಕುಣಿಯುತ್ತಿದ್ದ. ಮೂರು ಚಕ್ರದ ಮುಂದೆ ಚಾಪೆ ಹಾಸಿದೆವು, ನಾಲ್ಕನೆಯದಕ್ಕೆ ಚಾಪೆ ಇರಲಿಲ್ಲ. ತಾತ ತಮೋತ್ಸುವಿನ ಜಾಕೆಟ್ಟು ನೋಡಿದರು, ನಾನೂ ನೋಡಿದೆ. "ಇದು ಅಸಲಿ ಚರ್ಮ!" ಎಂದು ಕೂಗಿದ. "ನಿಮ್ಮಮ್ಮನೂ ಅಸಲಿನೇ" ಎಂದೆ. ಬಿಚ್ಚಿಕೊಟ್ಟ.

ಓಡಿಸಿದ್ದು ನಾನು. ಲೈಸೆನ್ಸು ಇಲ್ಲ, ಗೊತ್ತು. ಆದರೆ ನೀವು ಹೊರಟುಹೋದ ಮೇಲೆ ಆರು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ಟಿಲ್ಲರ್ ನಡೆಸಿದವಳು ನಾನು. ಕೆಸರೂ ಹಿಮವೂ ಒಂದೇ ಬುದ್ಧಿಯವು, ಗದರಿದರೆ ನುಂಗುತ್ತವೆ, ಮೆಲ್ಲಗೆ ಹೋದರೆ ಬಿಡುತ್ತವೆ. ಎರಡನೇ ಗೇರು, ಕಾಲು ಹಗುರ, ಚಕ್ರ ನೇರ. ತಾತನೂ ಇವನೂ ಹಿಂದಿನಿಂದ ತಳ್ಳಿದರು. ಒಮ್ಮೆ ಮುಂದೆ ತೂಗಿತು, ಹಿಂದೆ ತೂಗಿತು, ಇನ್ನೊಮ್ಮೆ ಮುಂದೆ ತೂಗಿ ಚಾಪೆ ಹತ್ತಿತು. ನಿಲ್ಲಿಸಲಿಲ್ಲ. ನೆರಳು ಸೇರಿದ ಮೇಲೂ ನಿಲ್ಲಿಸಲಿಲ್ಲ, ಸೇತುವೆ ದಾಟಿದ ಮೇಲೂ ನಿಲ್ಲಿಸಲಿಲ್ಲ. ಹಿಂದೆ ತಮೋತ್ಸು ಅಂಗಿಯಲ್ಲಿ ಓಡಿಬರುತ್ತಿದ್ದುದು ಕನ್ನಡಿಯಲ್ಲಿ ಕಂಡಿತು, ಕನ್ನಡಿಯಲ್ಲಿ ಅವನು ಕಟ್ಟಿದ ರಕ್ಷೆಯೂ ತೂಗುತ್ತಿತ್ತು. ನಿಲ್ಲಿಸಿದ್ದು ಆಸ್ಪತ್ರೆಯ ಬಾಗಿಲಲ್ಲೇ. ಇನ್ನೊಂದು ಗಂಟೆ ತಡವಾಗಿದ್ದರೆ ಕರುಳ ಬಾಲ ಒಡೆಯುತ್ತಿತ್ತು ಎಂದರು ಡಾಕ್ಟರು.

ಗೆನ್ಜಿರೊ ತಾತ ನಿಮ್ಮನ್ನು ಕೇಳಿದ್ದಾರೆ. ಚಾಪೆಗಳು ಇನ್ನೂ ಗದ್ದೆಯಲ್ಲೇ ಇವೆ. ಜಾಕೆಟ್ಟೂ ಅಲ್ಲೇ ಇದೆ, ಮೇ ತಿಂಗಳಲ್ಲಿ ಸಿಗುತ್ತದೆ. ಸೊಂಟ ಬೆಚ್ಚಗಿಟ್ಟುಕೊಳ್ಳಿ, ಹೊತ್ತು ಹೊತ್ತಿಗೆ ಊಟ ಮಾಡಿ. ಮನೆ ದೇವರು ನಿಮ್ಮ ತಲೆಯ ಮೇಲೆ ಕಲ್ಲು ಬೀಳದಂತೆ ನೋಡಿಕೊಳ್ಳಲಿ.

ನಿಮ್ಮ
ಹತ್ಸುಯೆ

ಲಕೋಟೆ ಅಂಟಿಸುವ ಮೊದಲು: ಇಷ್ಟೆಲ್ಲ ಬರೆದೆ, ಹೇಳಬೇಕಾದ್ದು ಹೇಳಲಿಲ್ಲ. ಆಪರೇಷನ್ ಕೋಣೆಗೆ ಒಯ್ಯುವಾಗ ಅತ್ತೆ ಕೇಳಿದ್ದು ನನ್ನನ್ನಲ್ಲ, ತಮೋತ್ಸುವನ್ನೂ ಅಲ್ಲ. "ಸೇಕಿಚಿ ಬರ್ತಿದಾನಾ?" ಎಂದು ಮೂರು ಸಲ ಕೇಳಿದರು. ಹೊಸ ವರ್ಷಕ್ಕೂ ನೀವು ಬರಲಿಲ್ಲ, ವಿದ್ಯುತ್ ಕಂಬಳಿ ಕಳಿಸಿದಿರಿ. ಹೊರಟಿದ್ದಾರೆ ಅತ್ತೆ, ರೈಲಿನಲ್ಲಿದ್ದಾರೆ ಎಂದುಬಿಟ್ಟೆ. ಎಚ್ಚರವಾದಾಗಿನಿಂದ ದಿನವೂ ಬಾಗಿಲು ನೋಡುತ್ತಾರೆ, ರೈಲು ಎಲ್ಲಿಗೆ ಬಂತು ಎನ್ನುತ್ತಾರೆ. ಹಿಮದಲ್ಲಿ ಸಿಕ್ಕಿಕೊಂಡಿದೆ ಎನ್ನುತ್ತೇನೆ, ನಾಲ್ಕು ದಿನದಿಂದ ಅದನ್ನೇ ಹೇಳುತ್ತಿದ್ದೇನೆ. ಪಾಪ, ನಂಬುತ್ತಾರೆ. ತಮೋತ್ಸು ಮೂರ್ಖ, ಬಡಾಯಿಕೋರ, ಒಪ್ಪಿದೆ. ಆದರೆ ಬೈಸಿಕೊಳ್ಳುವುದಕ್ಕಾದರೂ ಅವನು ಇಲ್ಲಿದ್ದ, ಅಂಗಿಯಲ್ಲೇ ಪೇಟೆಯವರೆಗೆ ಓಡಿಬಂದ. ಜೀಪನ್ನು ನಾನು ಎಬ್ಬಿಸಿದೆ. ಆ ರೈಲನ್ನು ನೀವೇ ಎಬ್ಬಿಸಬೇಕು.