ಮುಚ್ಚಳ ಕೂರದ ಬಾಣಲೆ

ಹದಿನಾಲ್ಕನೇ ತಾರೀಖು, ಭಾನುವಾರ

ಪಾಪು,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಮೊದಲು ಏನು ಕೇಳಿಬಿಡುತ್ತೇನೋ ಎಂದು ನನಗೇ ಭಯ. ಕಾಗದದಲ್ಲಾದರೆ ಕೇಳಿದ್ದನ್ನು ಹೊಡೆದು ಹಾಕಬಹುದು. ಮೇಲೆ ಒಂದು ಸಾಲು ಹೊಡೆದು ಹಾಕಿದ್ದೇನೆ ನೋಡು, ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಇಲ್ಲಿ ಎಲ್ಲ ಕ್ಷೇಮ. ಶಾಲೆ ಶುರುವಾಗುವ ಕಾಲ, ಹೊಲಿಯಬೇಕಾದ ಯೂನಿಫಾರಂ ಮಂಚದ ಎತ್ತರಕ್ಕೆ ರಾಶಿ ಬಿದ್ದಿದೆ. ಮಿಷನ್ನಿಗೆ ಹೊಸ ಬೆಲ್ಟ್ ಹಾಕಿಸಿದೆ. ನನ್ನ ಮಂಡಿಗೆ ಹಾಕಿಸಲು ಅಂಥದ್ದೇನೂ ಸಿಗಲಿಲ್ಲ. ನಿಮ್ಮಪ್ಪ ರಿಟೈರಾದ ಮೇಲೂ ಬೆಳಗ್ಗೆ ಎದ್ದು, ಗಡ್ಡ ಬೋಳಿಸಿಕೊಂಡು, ಈಗಲೇ ಲೇತ್ ಮಿಷನ್ನಿನ ಮುಂದೆ ನಿಲ್ಲಬೇಕೆನ್ನುವ ಹಾಗೆ ತಯಾರಾಗಿ ಕೂರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಕಳ್ಳತನವಾಗಿದೆ. ಆದರೆ ಏನೂ ಕಡಿಮೆಯಾಗಿಲ್ಲ. ಅಜ್ಜಪ್ಪನ ಮೊಳೆಗೆ ಅಜ್ಜಪ್ಪನ ವೇಷ ಹಾಕಿಕೊಂಡ ಇನ್ಯಾರೋ ನೇತಾಡುತ್ತಿದ್ದಾನೆ.

ಆ ಕಬ್ಬಿಣದ ಬಾಣಲೆಗೆ ಅಜ್ಜಪ್ಪ ಅಂತ ಹೆಸರಿಟ್ಟವಳು ನೀನೇ. ಮೈಯೆಲ್ಲ ಕರಿ, ಹಿಡಿ ಗಡಗಡ ಅಲ್ಲಾಡುತ್ತೆ, ಆದರೂ ಎಲ್ಲರಿಗೂ ಅವನೇ ಬೇಕು ಅಂತ. ನಿಜವೇ. ಈ ಮನೆಯಲ್ಲಿ ಪಾತ್ರೆಗಳಿಗೇನು ಬರವೇ? ತನಗೆ ಮನಸ್ಸು ಬಂದಾಗ ಮಾತ್ರ ಕೂಗುವ ಕುಕ್ಕರ್ ಇದೆ. ನಿಮ್ಮ ಸೋದರತ್ತೆ ಕೊಟ್ಟ ನಾನ್‌ಸ್ಟಿಕ್ ಇದೆ, ಅದು ಬಂದವರಿಗೆ ತೋರಿಸಲಿಕ್ಕೆ. ದಿನಾ ದುಡಿಯುವವನು ಅಜ್ಜಪ್ಪ ಒಬ್ಬನೇ.

ಮೊನ್ನೆ ಮೊನ್ನೆ ಒಂದು ಬೆಳಗ್ಗೆ ಮೊಟ್ಟೆ ಒಡೆದು ಹಾಕಿದೆ. ತಳ ಹಿಡಿಯಿತು. ಕೆರೆದರೂ ಏಳಲಿಲ್ಲ. ಇಷ್ಟು ವರ್ಷದಲ್ಲಿ ಅಜ್ಜಪ್ಪ ನನ್ನ ಮೊಟ್ಟೆಯನ್ನು ಹಿಡಿದಿಟ್ಟುಕೊಂಡವನೇ ಅಲ್ಲ.

ಮೊದಲು ಪಾತ್ರೆ ತೊಳೆಯುವವಳ ಮೇಲೆ ಅನುಮಾನ ಬಂತು. ಸ್ಟೀಲ್ ನಾರು ಹಾಕಿ ತಿಕ್ಕಿರಬೇಕು ಅಂತ ಕೇಳಿಯೇಬಿಟ್ಟೆ. ಅವಳು ಕೈ ಒರೆಸಿಕೊಂಡು ಎದ್ದು ನಿಂತಳು. "ಅಕ್ಕಾ, ನಿಮ್ಮ ಆ ಬಾಣಲೇನ ನಾನು ಮುಟ್ಟೋದೇ ಇಲ್ಲ. ಮುಟ್ಟಿದ್ರೆ ನೀವು ಬೆನ್ನಿಂದೆ ಬಂದು ನಿಂತ್ಕೋತೀರ, ನಂಗೆ ಕೈಯೇ ಓಡಲ್ಲ." ಆಮೇಲೆ ಎರಡು ದಿನ ಬರಲಿಲ್ಲ. ಪಾತ್ರೆಯೆಲ್ಲ ನಾನೇ ತೊಳೆದೆ.

ಆಮೇಲೆ ಮಹಡಿ ಮನೆಯ ಕಂಡಕ್ಟರ್. ಒಬ್ಬನೇ ಇರುವ ಗಂಡಸು, ಆಗಾಗ ಪಾತ್ರೆ ಕೇಳಲು ಬರುತ್ತಾನೆ, ಅದಲು ಬದಲು ಮಾಡಿರಬಹುದಲ್ಲ? ನೀರಿನ ಟ್ಯಾಂಕ್ ನೋಡುವ ನೆಪ ಹೇಳಿ ಮೇಲೆ ಹೋಗಿ ಅವನ ಅಡುಗೆಮನೆಗೆ ಇಣುಕಿದೆ. "ಆಂಟಿ, ಟ್ಯಾಂಕು ಆ ಕಡೆ ಇದೆ" ಅಂದ. ಅಲ್ಲಿ ಇದ್ದದ್ದು ಟೀ ಕಾಯಿಸುವ ಒಂದು ಪಾತ್ರೆ, ಒಂದು ಚಮಚ. ಪಾಪ ಅನಿಸಿತು, ಆದರೂ ಬಾಗಿಲ ಹಿಂದೆ ಒಂದು ಸಲ ನೋಡಿಯೇ ಇಳಿದೆ.

ಹಿಡಿದುಕೊಟ್ಟದ್ದು ಮುಚ್ಚಳ. ನಿನಗೆ ನೆನಪಿದೆಯಲ್ಲ, ನೀನು ಚಿಕ್ಕವಳಿದ್ದಾಗ ಅಜ್ಜಪ್ಪನನ್ನು ಮುಚ್ಚಳದ ಸಮೇತ ಮೆಟ್ಟಿಲ ಮೇಲಿಂದ ಉರುಳಿಸಿದ್ದು? ಎರಡಕ್ಕೂ ಒಂದೇ ಕಡೆ ತಗ್ಗು ಬಿತ್ತು. ಅವತ್ತಿನಿಂದ ಆ ತಗ್ಗಿಗೆ ಈ ತಗ್ಗು ಸೇರಿಸಿದರೆ ಮುಚ್ಚಳ ಟಪ್ ಅಂತ ಕೂರುತ್ತಿತ್ತು, ಬೇರೆ ಹೇಗಿಟ್ಟರೂ ಕೂರುತ್ತಿರಲಿಲ್ಲ. ಈಗ ತಗ್ಗು ಇದ್ದ ಜಾಗದಲ್ಲೇ ಇದೆ, ಮುಚ್ಚಳ ಮಾತ್ರ ಓಲಾಡುತ್ತೆ. ನಾನು ಟೈಲರ್ ಪಾಪು. ಎರಡು ತುಂಡು ಬಟ್ಟೆ ಒಂದೇ ಥಾನಿನದೋ ಅಲ್ಲವೋ ಅಂತ ಬೆರಳಲ್ಲೇ ಹೇಳುವವಳು. ಮಿಷನ್ನಿನ ಸ್ಕ್ರೂಡ್ರೈವರ್ ತಂದು ಹಿಡಿಯ ಸ್ಕ್ರೂ ತಿರುಗಿಸಿದೆ. ಬಿಗಿಯಾಯಿತು! ಅಜ್ಜಪ್ಪನ ಸ್ಕ್ರೂ ಸವೆದುಹೋಗಿ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿತ್ತು. ಇದನ್ನು ಯಾರೋ ಬೇಕೆಂದೇ ಸಡಿಲ ಬಿಟ್ಟಿದ್ದಾರೆ.

ಹೊಸ ಬಾಣಲೆ ತಂದು, ಎಣ್ಣೆ ಹಚ್ಚಿ ಸುಟ್ಟು ಕರಿ ಮಾಡಿ, ಹಳೆಯದರ ಜಾಗಕ್ಕೇ ಅಳೆದು ಸುತ್ತಿಗೆಯಿಂದ ತಗ್ಗು ಹೊಡೆದು, ಹಿಡಿಯನ್ನು ಅಷ್ಟೇ ಗಡಗಡ ಅನ್ನಿಸುವ ಕೈ ಈ ಮನೆಯಲ್ಲಿ ಒಂದೇ ಒಂದು. "ಹಿಡಿ ಬಿಗಿ ಮಾಡಿಕೊಡಿ" ಅಂತ ವರ್ಷಗಟ್ಟಲೆ ಬಾಯಿ ಬಡಿದುಕೊಂಡರೂ ಕುರ್ಚಿ ಬಿಟ್ಟು ಏಳದ ಮಹಾನುಭಾವರು, ಸಡಿಲ ಮಾಡಲು ಎಷ್ಟು ಕಷ್ಟಪಟ್ಟಿದ್ದಾರೆ ನೋಡು.

"ರೀ, ಬಾಣಲೆ ಯಾಕೋ ಬೇರೆ ಥರ ಇದೆ ಅಲ್ವಾ?" ಅಂದೆ.

"ನಿನಗೆ ಎಲ್ಲದರ ಮೇಲೂ ಅನುಮಾನ. ನಾಳೆ ಗಂಡನನ್ನೂ ಬದಲಾಯಿಸಿಬಿಟ್ಟಿದ್ದಾರೆ ಅಂತೀಯ" ಅಂದರು. ಕಿವಿ ಕೆಂಪಗಾಗಿತ್ತು.

ಆಗ ಒಂದೊಂದೇ ಹೊಳೆಯಿತು. ಶನಿವಾರ ಮಧ್ಯಾಹ್ನವಾದರೆ ಸಾಕು, ವರ್ಕ್‌ಶಾಪಿನ ಹಳೇ ಗೆಳೆಯರ ಜೊತೆ ಇಸ್ಪೀಟು ಅಂತ ಹೊರಡುತ್ತಾರೆ. ವಾಪಸು ಬಂದರೆ ಹಸಿವಿಲ್ಲ. ಅಂಗಿಯ ತೋಳಿಗೆ ಸೀದ ಈರುಳ್ಳಿಯ ವಾಸನೆ. ಇಸ್ಪೀಟು ಆಡುವವರು ಈರುಳ್ಳಿ ಯಾಕೆ ಹುರಿಯುತ್ತಾರೆ? ನನ್ನ ತಲೆಗೆ ಏನು ಬಂತು ಎಂದು ಮಗಳಿಗೆ ಬರೆಯಲು ನಾಚಿಕೆಯಾಗುತ್ತೆ. ಯಾರೋ ಹೆಂಗಸು ಅಂದುಕೊಂಡೆ. ನನ್ನ ಬಾಣಲೆಯನ್ನೇ ಎತ್ತಿ ಕೊಡುವಷ್ಟು ಸಲಿಗೆ ಅಂದುಕೊಂಡೆ. ಎರಡು ಯೂನಿಫಾರಂಗೆ ತೋಳು ಉಲ್ಟಾ ಹೊಲಿದುಬಿಟ್ಟೆ.

ಹೋದ ವಾರ ಶನಿವಾರ ಅವರು ಹತ್ತಿದ ಬಸ್ಸಿಗೇ ನಾನು ಹಿಂದಿನ ಬಾಗಿಲಿಂದ ಹತ್ತಿದೆ. ಅವರು ಇಳಿದು, ಈರುಳ್ಳಿ ಕೊಂಡು, ಒಂದು ಇಸ್ತ್ರಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರು. ನಾನು ಎದುರಿನ ಸೈಕಲ್ ಅಂಗಡಿಯ ಹತ್ತಿರ ನಿಂತೆ. ಎರಡನೇ ಮಹಡಿಯ ಕಿಟಕಿಯಲ್ಲಿ ಅಜ್ಜಪ್ಪ ಮೊಳೆಗೆ ನೇತಾಡುತ್ತಿದ್ದ. ಅವನನ್ನು ಒಂದು ಕೈ ಬಂದು ಇಳಿಸಿಕೊಂಡಿತು. ಆ ಕೈ ನನಗೆ ಗೊತ್ತಿಲ್ಲವೇ?

ನಿನ್ನನ್ನು ನೋಡಿ ವರ್ಷದ ಮೇಲಾಗಿತ್ತು. ಕೂದಲು ಕತ್ತರಿಸಿಕೊಂಡಿದ್ದೀಯ, ಚೆನ್ನಾಗಿದೆ. ಅಪ್ಪ ಏನೋ ಹೇಳಿದರು, ನೀನು ತಲೆ ಹಿಂದಕ್ಕೆ ಹಾಕಿ ನಕ್ಕೆ. ಈ ಮನೆಯಲ್ಲಿ ನೀನು ಹಾಗೆ ನಕ್ಕದ್ದು ಯಾವಾಗ ಅಂತ ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದೆ.

ನಿಮ್ಮಪ್ಪನ ಮೇಲೆ ನನಗೆ ಕೋಪವಿಲ್ಲ. ನಿನ್ನ ಮೇಲೆ ಇದೆ. ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ? ನಾಲ್ಕು ಮಾತು ಆಡಿ ಕೊಡುತ್ತಿದ್ದೆ, ಆದರೂ ಕೊಡುತ್ತಿದ್ದೆ. ಮನೆ ಬಿಟ್ಟ ಆ ದಿನ ನೀನು ಕೆಲಸ ಮುಗಿಸಿ ಕನ್ನಡಕದ ಅಂಗಡಿಯಿಂದ ತಡವಾಗಿ ಬಂದೆ, ನೀನು ಸ್ನಾನಕ್ಕೆ ಹೋದಾಗ ನಾನು ನಿನ್ನ ಚೀಲ ತೆಗೆದು ನೋಡಿದೆ. ಹೌದು, ನೋಡಿದೆ. ಸಿಕ್ಕಿದ್ದು ಒಂದು ಬಾಚಣಿಗೆ, ಗಾಜು ಒರೆಸುವ ಬಟ್ಟೆ. "ಈ ಮನೇಲಿ ಉಸಿರಾಡಿದ್ರೂ ಯಾಕೆ ಅಂತ ಕೇಳ್ತೀಯಮ್ಮ. ನೀನು ಯಾರನ್ನೂ ನಂಬಲ್ಲ" ಅಂದು ನೀನು ಬಟ್ಟೆ ತುಂಬಿಕೊಂಡು ಹೊರಟೆ. ಒಂದು ಲೋಟವನ್ನೂ ತೆಗೆದುಕೊಂಡು ಹೋಗಲಿಲ್ಲ. ಅಂಥವಳಿಗೆ ಕೊನೆಗೆ ಈ ಮನೆಯಿಂದ ಬೇಕಾದದ್ದು ಬಾಣಲೆ.

ಇರಲಿ. ಮುಚ್ಚಳವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಈ ಕಾಗದದ ಜೊತೆ ಕೊರಿಯರ್‌ಗೆ ಕೊಡುತ್ತೇನೆ. ಇಸ್ತ್ರಿ ಅಂಗಡಿಯ ಮೇಲೆ, ಎರಡನೇ ಮಹಡಿ ಅಂತ ಬರೆದರೆ ಸಿಗುತ್ತದಲ್ಲ? ಮುಚ್ಚಳವಿಲ್ಲದೆ ಹುರಿಯುತ್ತಿದ್ದೀಯ, ಅದಕ್ಕೇ ಈರುಳ್ಳಿ ಸೀಯುತ್ತಿದೆ. ಉರಿ ಸಣ್ಣಗಿಡು. ಕಾದಿರುವಾಗ ತಣ್ಣೀರು ಹಾಕಬೇಡ. ತೊಳೆದ ಮೇಲೆ ಒಲೆಯ ಮೇಲೆ ಒಣಗಿಸಿ ಒಂದು ತೊಟ್ಟು ಎಣ್ಣೆ ಸವರು. ನನಗೆ ಗೊತ್ತಾಗಿದೆ ಎಂದು ಅಪ್ಪನಿಗೆ ಹೇಳಬೇಡ, ಪಾಪ, ಅಷ್ಟೊಂದು ಕಷ್ಟಪಟ್ಟು ತಗ್ಗು ಹೊಡೆದಿದ್ದಾರೆ. ಹೊಸಬನನ್ನು ನಾನೇ ಪಳಗಿಸಿಕೊಳ್ಳುತ್ತೇನೆ. ನಿನ್ನೆ ಮೊಟ್ಟೆ ಅರ್ಧ ಬಿಟ್ಟುಕೊಟ್ಟ.

ಕೈ ಸುಟ್ಟುಕೊಳ್ಳದೆ, ಹೊಟ್ಟೆ ತುಂಬ ತಿಂದು, ನಗುನಗುತ್ತಾ ನೂರು ಕಾಲ ಬಾಳು.

ನಿನ್ನ
ಅಮ್ಮ

ಮರೆತ ಮಾತು: ಇಷ್ಟುದ್ದ ಬರೆದು, ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ನೀನು ನಕ್ಕು ಮುಗಿಸಿ ಕಿಟಕಿಗೆ ಬಂದೆ. ಕೆಳಗೆ ನೋಡಿದೆ, ಸೈಕಲ್ ಅಂಗಡಿಯ ಕಡೆಗೇ. ಕೈ ಎತ್ತೋಣವೆಂದು ನಾನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುವಷ್ಟರಲ್ಲಿ ನೀನು ಪರದೆ ಎಳೆದೆ. ಬಿಸಿಲಿಗೆ ಎಳೆದಿರಬೇಕು ಅಂದುಕೊಂಡೆ. ಆದರೆ ಆಮೇಲೂ ನಾನು ಅಲ್ಲೇ ಸಂಜೆಯವರೆಗೆ ನಿಂತಿದ್ದೆ. ಆ ಕಿಟಕಿಗೆ ಬಿಸಿಲು ಬರುವುದೇ ಇಲ್ಲ ಪಾಪು. ಬಿಸಿಲಿಗೆ ಅಂತಲೇ ಬರೆ. ನಾನು ನಂಬುತ್ತೇನೆ.