ಫುಯುವನ್ನು ಕರೆಯಬೇಡ

ಪ್ರೀತಿಯ ತಂಗಿ ನಿಕಾಸಿಯಾ,

ಬೆಳಗಿನಿಂದ ಕಾಲು ಒಂದೆಡೆ ನಿಲ್ಲುತ್ತಿಲ್ಲ. ಒಣ ಆಲೂಗಡ್ಡೆಯ ಸಾರು ತಳ ಹತ್ತಿಹೋಯಿತು. ಕಾರ್ನಿವಲ್ ಹಬ್ಬಕ್ಕೆ ಬರುತ್ತೇನೆಂದು ನೀನು ಕುಸ್ಕೋ ಲಾರಿಯವನ ಬಾಯಲ್ಲಿ ಹೇಳಿಕಳಿಸಿದ್ದೇ ಇದಕ್ಕೆಲ್ಲ ಕಾರಣ.

ನಿನ್ನ ಫುಯು ಈಗ ಮರಿಯಲ್ಲ. ಸಿಡಿಲಿಗೆ ತಾಯಿಯನ್ನು ಕಳೆದುಕೊಂಡ ಆ ಗಂಡು ಅಲ್ಪಾಕ ಮರಿಯನ್ನು ನೀನು ಒಲೆಯ ಪಕ್ಕ ಮಲಗಿಸಿದೆ, ಬಾಟಲಿ ಹಾಲು ಕುಡಿಸಿದೆ, ಶಾಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ತಿರುಗಿದೆ. ಅವ್ವ ಬಡಕೊಂಡಳು: "ಗಂಡುಮರೀನ ಹಂಗೆಲ್ಲ ಮುದ್ದು ಮಾಡ್ಬೇಡ ಕಣೇ. ನಾಳೆ ನಮ್ಮನ್ನೇ ತನ್ನ ಜಾತಿ ಅಂದ್ಕೊಂಡು ಮೇಲೆ ಬೀಳ್ತದೆ." ನೀನು ನಕ್ಕುಬಿಟ್ಟೆ.

ನೀನು ಮದುವೆಯಾಗಿ ಬೆಟ್ಟದಾಚೆ ಹೋದೆ, ಅವ್ವನ ಮಾತು ನಿಜವಾಯಿತು. ಅತಿಯಾದರೆ ಅಮೃತವೂ ವಿಷ. ಹಿಂಡಿನ ಗಂಡುಗಳತ್ತ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮನುಷ್ಯರನ್ನು ಕಂಡರೆ ಮಾತ್ರ ಎದೆಯಿಂದ ಗುದ್ದಿ, ಕೆಡವಿ, ಮೊಣಕಾಲಿಗೆ ಬಾಯಿ ಹಾಕುತ್ತಿದ್ದ. ಕಚ್ಚಿಸಿಕೊಂಡ ಅಪ್ಪ ಜಗಿಯುತ್ತಿದ್ದ ಕೋಕಾ ಎಲೆ ಉಗಿದು, ಕುಂಟುತ್ತಲೇ ಹೋಗಿ ಚಾಕು ಮಸೆಯುತ್ತ ನನ್ನ ಮೇಲೆ ರೇಗಿದ. "ಇದು ಅಲ್ಪಾಕ ಅಲ್ಲ, ನಿನ್ ತಂಗಿ ಹೆತ್ತ ಮಗ! ಹಬ್ಬದ ತನಕ ನೋಡ್ತೀನಿ. ಇನ್ನೊಂದ್ಸಲ ಯಾರ ಮೇಲಾದ್ರೂ ಬಿದ್ರೆ, ಅಳಿಯಂಗೆ ಇದರ ಸಾರೇ ಊಟ."

ಅಂದಿನಿಂದ ಅವನನ್ನು ಮೇಲಿನ ಹುಲ್ಲುಗಾವಲಿನಲ್ಲಿ ಗಂಡುಗಳ ನಡುವೆ ಬಿಟ್ಟಿದ್ದೇನೆ. ಮುಟ್ಟುವುದಿಲ್ಲ, ಮಾತನಾಡಿಸುವುದಿಲ್ಲ. ಕಲ್ಲುಗೋಡೆಯ ಮರೆಯಲ್ಲಿ ಕೂತು ನೋಡುತ್ತೇನೆ, ಅಷ್ಟೇ. ಮೊದಮೊದಲು ಅವು ಇವನ ಮುಖಕ್ಕೆ ಉಗಿದು ಅಟ್ಟಿದವು. ಇವನು ಮನೆಯ ಕಡೆ ಮುಖ ಮಾಡಿ ಗುಂಯ್ ಎಂದು ಅತ್ತ. ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು ಕಣೇ. ಶಾಲಿನ ತುದಿ ಕಚ್ಚಿಕೊಂಡು ಕೂತೆ. ನಿನ್ನೆ ಮೊದಲ ಸಲ ಮುದಿ ಗಂಡೊಂದರ ಮಗ್ಗುಲಲ್ಲಿ ಮಲಗಿ ಮೆಲುಕು ಹಾಕಿದ.

ಅದಕ್ಕೇ ಹೇಳುತ್ತಿದ್ದೇನೆ, ಹೇಳಲು ಮನಸ್ಸು ಒಪ್ಪದಿದ್ದರೂ: ಈ ಸಲ ಬರಬೇಡ. ಬೆಟ್ಟದ ನೆತ್ತಿಯಿಂದ ನೀನು ಒಮ್ಮೆ "ಫುಯೂ" ಎಂದರೆ ಸಾಕು, ಅವನು ಮತ್ತೆ ಮನುಷ್ಯರವನಾಗುತ್ತಾನೆ. ಹಬ್ಬದ ದಿನ ಹಿಂಡಿಗೆ ಗುರುತು ಹಾಕುವಾಗ ಅವನ ಕಿವಿಗೂ ಪೋಣಿಸಲು ಕೆಂಪು ಉಣ್ಣೆ ಹೊಸೆದಿಟ್ಟಿದ್ದೇನೆ. ಅದೊಂದು ಕಿವಿಯಲ್ಲಿ ತೂಗಿದರೆ ಅವನು ಹಿಂಡಿಗೆ ಸೇರಿದವನು. ಹಬ್ಬದ ಗುರುತು ಬಿದ್ದವನ ಮೇಲೆ ಅಪ್ಪನೂ ಚಾಕು ಎತ್ತುವಂತಿಲ್ಲ.

ಈ ಕಾಗದವನ್ನು ಎರಡು ಸಲ ಹರಿದು ಬರೆದೆ. ನಿನ್ನನ್ನು ನೋಡಬೇಕೆಂದು ನನಗೂ ಜೀವ ತುಡಿಯುತ್ತದೆ. ಅವನು ನಿನ್ನನ್ನು ಪೂರ್ತಿ ಮರೆತ ದಿನ ಹೇಳಿಕಳಿಸುತ್ತೇನೆ. ಆಗ ಓಡಿ ಬಾ.

ಬೆಟ್ಟದ ದೇವರು ನಿನ್ನ ಒಲೆಯನ್ನು ಬೆಚ್ಚಗಿಡಲಿ.

ನಿನ್ನ ಅಕ್ಕ,
ಎಲೋದಿಯಾ