ಅಜ್ಜಿಯ ಕುರ್ಚಿಯ ಕಾಲು

ಅಕ್ಟೋಬರ್ ೧೪, ಮಂಗಳವಾರ

ಕೋಪ ಇನ್ನೂ ಇಳಿದಿಲ್ಲ. ಚರ್ಚಿನ ಬೆಂಚಿಗೆಂದು ನಮ್ಮ ಮರಗೆಲಸದ ಅಂಗಡಿಗೆ ತಂದ ಮರದಲ್ಲಿ ಒಂದು ತುಂಡು ಸೀಳು ಬಿಟ್ಟಿತ್ತು. "ದೇವರ ಮನೆಗೆ ಇಂಥದ್ದು ಕೊಡ್ತೀವೇನೋ?" ಅಂತ ಅಣ್ಣ ಅದನ್ನು ಮೂಲೆಗೆ ಎಸೆದಿದ್ದ. ಇವತ್ತು ನೋಡಿದರೆ ಅದೇ ತುಂಡು ಪಕ್ಕದ ಬೀದಿಯ ಅಜ್ಜಿ ರಿಪೇರಿಗೆ ಕೊಟ್ಟ ಕುರ್ಚಿಗೆ ಕಾಲಾಗಿದೆ! ಸೀಳಿಗೆ ಅಂಟು, ಮರದ ಪುಡಿ ತುಂಬಿ ಮೇಲೆ ಪಾಲಿಶ್ ಬಳಿದಿದ್ದಾನೆ.

"ಅಜ್ಜಿ ಬಿದ್ರೆ?"

"ಹಗುರ ಇದ್ದಾರೆ ಬಿಡೋ, ತಡ್ಕೊಳ್ಳುತ್ತೆ."

ಮೈಯೆಲ್ಲ ಉರಿದುಹೋಯಿತು. ಗರಗಸ ತಂದು ಆ ಕಾಲನ್ನು ಅವನ ಕಣ್ಣೆದುರೇ ಕೊಯ್ದು ಹಾಕಿದೆ. ಊಟಕ್ಕೆ ಕೂತಾಗ ಅವನೇ ಎಂದಿನಂತೆ ಪ್ರಾರ್ಥಿಸಿದ: "ಕರ್ತನೇ, ನಮ್ಮನ್ನು ಪರಿಶುದ್ಧರನ್ನಾಗಿ ಮಾಡು." ನನ್ನ ಬಾಯಿಂದ ಆಮೆನ್ ಹೊರಡಲಿಲ್ಲ. ಅತ್ತಿಗೆ ಕಣ್ಣಲ್ಲೇ ಗದರಿದರು. ಗದರಲಿ.

ನಾಳೆ ಬೆಂಚಿಗೆಂದು ತೆಗೆದಿಟ್ಟ ಒಳ್ಳೆಯ ಮರದಲ್ಲೇ ಅಜ್ಜಿಯ ಕುರ್ಚಿಗೆ ಕಾಲು ಮಾಡುತ್ತೇನೆ. ಬೆಂಚಿಗೆ ಮರ ಸಾಲದೆ ಹೋದರೆ ದೇವರು ಬಂದು ನನ್ನನ್ನೇ ಕೇಳಲಿ.